ಹಿಡಿಗಡಿಗೆಯ ತಳದಲ್ಲಿದ್ದ ಕಂಡಿಕೆಗಳು

ಆ ವರ್ಷದ ಉಪವಾಸದ ಭಾರವನ್ನು ಹೊತ್ತವರು ಇಬ್ಬರು: ನನ್ನ ಅವ್ವ ಮತ್ತು ಆಕೆಯ ಮಡಿಲಲ್ಲಿದ್ದ ನಾಲ್ಕು ತಿಂಗಳ ಕೂಸು. ಉಪವಾಸವನ್ನು ಬೋಧಿಸಿದವರು ಹೊರಲಿಲ್ಲ, ಅಳೆದವರು ಹೊರಲಿಲ್ಲ, ಬೆಳಗ್ಗೆ ರೊಟ್ಟಿ ತಿಂದು ಪ್ರಾರ್ಥನೆಗೆ ಬಂದು ಕುಳಿತ ಗಂಡಸರು ಹೊರಲಿಲ್ಲ. ತಪ್ಪು ಮಾಡಿದ ನಾನೂ ಹೊರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಬಾಲ್ಯದ ನೆನಪು ಎಂದೊಡನೆ ಓದುವವರ ಮನಸ್ಸು ಮೆತ್ತಗಾಗುತ್ತದೆ, ಮೆತ್ತಗಾದ ಮನಸ್ಸಿನ ಮೇಲಿಂದ ಅನ್ಯಾಯವೂ ಸದ್ದಿಲ್ಲದೆ ಜಾರಿಹೋಗುತ್ತದೆ.

ಆ ದಿನಗಳಲ್ಲಿ ಇಳಕಲ್ಲಿನ ನಮ್ಮ ಓಣಿ ಕೋಳಿಯ ಕೂಗಿಗಿಂತ ಮೊದಲು ಮಗ್ಗದ ಸದ್ದಿಗೆ ಏಳುತ್ತಿತ್ತು. ಎರಡು ಸಾವಿರದ ಇಸವಿ ಬಂದು ಹೋಗಿತ್ತು. ಊರ ಹೊರಗೆ ವಿದ್ಯುತ್ ಮಗ್ಗಗಳು ಗಡಗಡಿಸತೊಡಗಿದ್ದವು. ನಮ್ಮ ಸಾಲಿನ ಮನೆಗಳಲ್ಲಿ ಮಾತ್ರ ಇನ್ನೂ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಸಿ ಕುಳಿತು ಅಪ್ಪ ಸೀರೆ ನೇಯುತ್ತಿದ್ದ. ಪಡಸಾಲೆಯಲ್ಲಿ ಅವ್ವ ರಾಟೆಯ ಮುಂದೆ ಕುಳಿತು ಕಂಡಿಕೆ ಸುತ್ತುತ್ತಿದ್ದಳು. ಕಂಡಿಕೆ ಎಂದರೆ ಲಾಳಿಯ ಹೊಟ್ಟೆಯೊಳಗೆ ಕೂರುವ, ಬೆರಳುದ್ದದ ಟೊಳ್ಳು ಕೊಳವೆ. ಅದಕ್ಕೆ ನೂಲು ಸುತ್ತಿಕೊಟ್ಟರೆ ಮಾತ್ರ ಮಗ್ಗ ನಡೆಯುತ್ತದೆ. ಗಂಡಸು ನೇಯ್ದ ಸೀರೆಗೆ ಊರು ಹೆಸರು ಕೊಟ್ಟಿತು. ಹೆಂಗಸು ಸುತ್ತಿದ ಕಂಡಿಕೆಗೆ ಯಾರೂ ಹೆಸರು ಕೊಡಲಿಲ್ಲ. ಮನೆಯ ತುಂಬ ನೂಲಿಗೆ ಹಚ್ಚುವ ಗಂಜಿಯ ಹುಳಿ ವಾಸನೆ, ಕೆಂಪು ಬಣ್ಣದ ಒದ್ದೆ ವಾಸನೆ. ಮಾರ್ಚ್ ಬಂತೆಂದರೆ ಅದರ ಜೊತೆಗೆ ಬೇವಿನ ಹೂವಿನ ಕಂಪು.

ಓಣಿಯಲ್ಲಿ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ನಮ್ಮ ಸಭೆಯ ದೇವಾಲಯ ಓಣಿಯ ಕೊನೆಯಲ್ಲಿತ್ತು: ಕೆಂಪುಕಲ್ಲಿನ ಗೋಡೆ, ತಗಡಿನ ಮಾಡು, ಒಳಗೆ ಎರಡು ಕಡೆ ಹಾಸಿದ ಜಮಖಾನೆ. ಎಡಕ್ಕೆ ಹೆಂಗಸರು, ಬಲಕ್ಕೆ ಗಂಡಸರು. ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ಉಪವಾಸಕಾಲಕ್ಕೆ ಪ್ರಾರ್ಥನೆಯ ಪುಸ್ತಕದಲ್ಲಿ ಬೇರೆ ಹೆಸರಿತ್ತು; ಮನೆಗಳಲ್ಲಿ ಅದನ್ನು 'ನಲವತ್ತು' ಎಂದಷ್ಟೇ ಕರೆಯುತ್ತಿದ್ದರು. "ನಲವತ್ತು ಹಿಡದೀರೇನ?" ಎಂದು ಬಾವಿಯ ಕಟ್ಟೆಯ ಮೇಲೆ ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಅದು ಆರಂಭವಾಗುವ ದಿನ ಬೂದಿ ಬುಧವಾರ. ಆದರೆ ನಮ್ಮ ಸಭೆಯಲ್ಲಿ ಹಣೆಗೆ ಬೂದಿ ಹಚ್ಚುತ್ತಿರಲಿಲ್ಲ. ನೆರೆಮನೆಯವರ ವಿಭೂತಿಯಂತೆ ಕಂಡೀತೆಂದು ಹಿರಿಯರು ಯಾವಾಗಲೋ ನಿಲ್ಲಿಸಿದ್ದರಂತೆ. ಬೂದಿ ಇಲ್ಲದ ಬೂದಿ ಬುಧವಾರ. ನೋಡಿದವರು ಏನಂದಾರು ಎಂಬುದೇ ಅವರ ಮೊದಲ ಚಿಂತೆಯಾಗಿತ್ತು. ಮುಂದೆ ನಡೆದದ್ದೆಲ್ಲವೂ ಆ ಚಿಂತೆಯಿಂದಲೇ ಹುಟ್ಟಿತು.

ಬೂದಿಗೆ ಬದಲು ಅಂದು ಪ್ರತಿ ಮನೆಗೂ ಒಂದು ಮಣ್ಣಿನ ಗಡಿಗೆ ಸಿಗುತ್ತಿತ್ತು. ಹೊಟ್ಟೆಯ ಮೇಲೆ ಸುಣ್ಣದಲ್ಲಿ ಬರೆದ ಶಿಲುಬೆ, ಬಾಯಿಗೆ ಕಟ್ಟಲು ಒಂದು ತುಂಡು ಬಟ್ಟೆ. ಅದೇ ಹಿಡಿಗಡಿಗೆ. ನಲವತ್ತು ಹಿಡಿದವರು ಬೆಳಗಿನ ಊಟ ಬಿಡಬೇಕು. ಬಿಟ್ಟ ಊಟಕ್ಕೆ ಬದಲಾಗಿ ತಲೆಗೊಂದು ಹಿಡಿ ಜೋಳ ಆ ಗಡಿಗೆಯೊಳಗೆ ಬೀಳಬೇಕು. ಸಂಜೆ ಪ್ರಾರ್ಥನೆಯ ಗಂಟೆ ಹೊಡೆದ ಮೇಲೆಯೇ ಒಪ್ಪೊತ್ತಿನ ಊಟ: ಒಗ್ಗರಣೆ ಕಾಣದ ಸಾರು, ರೊಟ್ಟಿ, ಹುಣಸೆಯ ಚಟ್ನಿ. ಗರಿಗಳ ಭಾನುವಾರ ಎಲ್ಲ ಗಡಿಗೆಗಳೂ ದೇವಾಲಯದ ಮುಂಭಾಗದಲ್ಲಿ ಸಾಲಾಗಿ ಕೂರುತ್ತಿದ್ದವು. ಮುಂದಿನ ವಾರ, ಈಸ್ಟರಿನ ಬೆಳಗ್ಗೆ, ಆ ಜೋಳ ಹಸಿದವರಿಗೆ ಹೋಗುತ್ತಿತ್ತು. ಈ ಪದ್ಧತಿಯನ್ನು ಮೊದಲು ಕಟ್ಟಿದವರು ಯಾರೋ, ಒಳ್ಳೆಯ ಮನಸ್ಸಿನಿಂದಲೇ ಕಟ್ಟಿರಬೇಕು. ನನ್ನ ಹಸಿವು ನಿನ್ನ ಹೊಟ್ಟೆ ತುಂಬಲಿ ಎಂಬ ಮಾತಿನಲ್ಲಿ ನನಗೆ ಇಂದಿಗೂ ತಪ್ಪು ಕಾಣುವುದಿಲ್ಲ. ತಪ್ಪು ಇದ್ದದ್ದು ಅಳತೆಯಲ್ಲಿ.

ಅಳೆಯುತ್ತಿದ್ದವರು ಯೋಹಾನ ಮಾಸ್ತರರು. ಶಾಲೆಯಿಂದ ನಿವೃತ್ತರಾಗಿ ಸಭೆಯ ಹಿರಿಯರಾದವರು. ಗರಿಗಳ ಭಾನುವಾರ ಅವರು ಹಿತ್ತಾಳೆಯ ಸೇರನ್ನು ಮುಂದಿಟ್ಟುಕೊಂಡು ಒಂದೊಂದು ಗಡಿಗೆಯನ್ನೂ ಎಲ್ಲರೆದುರು ತಟ್ಟಿನ ಮೇಲೆ ಸುರಿದು, ಸೇರು ತುಂಬಿ, ಮರದ ಪಟ್ಟಿಯಿಂದ ಅದರ ತಲೆಯನ್ನು ಗೀರಿ ಸಮ ಮಾಡಿ, ಮನೆಯ ಯಜಮಾನನ ಹೆಸರಿನೊಡನೆ ಅಳತೆಯನ್ನು ಗಟ್ಟಿಯಾಗಿ ಕೂಗುತ್ತಿದ್ದರು. ಹಸಿದವರು ಹೆಂಗಸರು, ಕೂಗಿದ್ದು ಗಂಡಸರ ಹೆಸರು. ಉಪವಾಸವನ್ನು ಜನರ ಕಣ್ಣಿಗೆ ಕಾಣದಂತೆ ಮಾಡಬೇಕೆಂಬ ಬೈಬಲಿನ ಮಾತನ್ನು ಅದೇ ಸ್ಥಳದಲ್ಲಿ ನಿಂತು ಪ್ರತಿವರ್ಷ ಓದುತ್ತಿದ್ದರು. ಆ ಓದಿಗೂ ಈ ಸೇರಿಗೂ ಇದ್ದ ಜಗಳ ಓದಿದವರಿಗೂ ಕಾಣಲಿಲ್ಲ, ಕೇಳಿದವರಿಗೂ ಕಾಣಲಿಲ್ಲ.

ಹೆಂಗಸರು ಎಂದು ನಾನು ಅತಿಶಯಕ್ಕೆ ಹೇಳುತ್ತಿಲ್ಲ. ನಿಯಮದಲ್ಲಿ ಉಪವಾಸ ಎಲ್ಲರಿಗೂ ಇತ್ತು. ಆದರೆ ಅಪ್ಪ ಹೇಳುತ್ತಿದ್ದ, "ಕುಣಿಯಾಗ ದಿನಾ ಪೂರ್ತಿ ಕಾಲ ಆಡಬೇಕ. ಹೊಟ್ಟಿ ಖಾಲಿ ಇದ್ರ ಕಾಲ ಏಳೂದಿಲ್ಲ." ವಯಸ್ಸಾದ ಗಂಡಸರಿಗೆ ಬೆಳಗ್ಗೆ ಗುಳಿಗೆ ನುಂಗುವುದಿತ್ತು. ಹುಡುಗರಿಗೆ ಪರೀಕ್ಷೆ ಇತ್ತು. ಹುಡುಗಿಯರಿಗೂ ಅದೇ ಪರೀಕ್ಷೆ ಇತ್ತೆಂಬುದು ಯಾರ ಗಮನಕ್ಕೂ ಬರಲಿಲ್ಲ. ಹತ್ತು ತುಂಬಿದ ಹುಡುಗಿ ಬುಧವಾರ ಮತ್ತು ಶುಕ್ರವಾರ ಉಪವಾಸ ಹಿಡಿಯಬೇಕು. ಆ ವರ್ಷ ನನಗೆ ಹತ್ತು ತುಂಬಿತ್ತು.

ಮೊದಲ ವಾರ ನನಗೆ ಹೆಮ್ಮೆಯೇ ಆಗಿತ್ತು, ಅದನ್ನೂ ಮುಚ್ಚಿಡುವುದಿಲ್ಲ. ಸಭೆಯ ಹುಡುಗಿಯರು ನಾಲ್ವರು ಸೇರಿ ಹಸಿವನ್ನು ಆಟ ಮಾಡಿಕೊಂಡಿದ್ದೆವು. ಶಾಲೆಯ ಹಿಂದಿನ ಹುಣಸೆಮರದ ಕೆಳಗೆ ಬಿದ್ದ ಬೀಜಗಳನ್ನು ಆಯ್ದು ಬಾಯಿಗೆ ಹಾಕಿಕೊಳ್ಳುತ್ತಿದ್ದೆವು. ಸಂಜೆಯ ಗಂಟೆಯವರೆಗೆ ಯಾರ ಬಾಯಲ್ಲಿ ಬೀಜ ಉಳಿಯುತ್ತದೋ ಅವಳು ಗೆದ್ದಳು. ನೀರು ಕುಡಿಯುವಾಗ ಅದನ್ನು ದವಡೆಗೆ ಸರಿಸಿಕೊಳ್ಳುವ ವಿದ್ಯೆ, ತರಗತಿಯಲ್ಲಿ ಪ್ರಶ್ನೆ ಕೇಳಿದರೆ ನಾಲಿಗೆಯ ಅಡಿಗೆ ಅಡಗಿಸುವ ವಿದ್ಯೆ ನಮಗೆ ಬಂದಿತ್ತು. ಹೆಣ್ಣುಮಕ್ಕಳಿಗೆ ಹಸಿವನ್ನು ಕಲಿಸುವುದು ಎಷ್ಟು ಸುಲಭವೆಂದು ಇಂದು ಯೋಚಿಸಿದರೆ ಮೈ ಉರಿಯುತ್ತದೆ. ಅಂದು ಮಾತ್ರ ನಗುತ್ತಿದ್ದೆವು.

ಹೋಳಿ ಹುಣ್ಣಿಮೆ ಬಂದಾಗ ನಲವತ್ತರ ಎರಡನೆಯ ವಾರ. ಅಂದು ಶುಕ್ರವಾರ. ಪಕ್ಕದ ಮನೆಯ ನೀಲವ್ವ, ಆಕೆಯ ಮನೆಯಲ್ಲೂ ಮಗ್ಗವೇ, ಹಿತ್ತಲಲ್ಲಿ ಒಲೆ ಹೂಡಿ ಹೋಳಿಗೆ ಬೇಯಿಸುತ್ತಿದ್ದಳು. ಬೆಲ್ಲ, ಏಲಕ್ಕಿ, ತುಪ್ಪ ಸುಟ್ಟ ವಾಸನೆ ನಡುಗೋಡೆಯನ್ನು ಹತ್ತಿ ಈಚೆಗೆ ಇಳಿಯುತ್ತಿತ್ತು. ನಾನು ಕಲ್ಲಿನ ಮೇಲೆ ನಿಂತು ಗೋಡೆಗೆ ಗದ್ದ ಊರಿದ್ದೆ.

"ಏನ ಕರುಣಾ, ಮೂಗ ಗ್ವಾಡಿ ಮ್ಯಾಲ ಐತಿ, ಬಾಯಿ ಎಲ್ಲಿ ಇಟ್ಟ ಬಂದಿ?"

"ಬಾಯಿ ನಲವತ್ತು ಹಿಡದೈತಿ, ಕಾಕು."

"ಹಂಗಾರ ಮೂಗಿಗೆ ಉಪಾಸ ಇಲ್ಲೇನ?" ಎಂದು ನಕ್ಕು ಆಕೆ ಹೋಳಿಗೆಯನ್ನು ತಿರುವಿ ಹಾಕಿದಳು. "ನಾವೂ ಶಿವರಾತ್ರಿಗೆ ಉಪಾಸ ಇರ್ತೇವಿ ನೋಡವಾ. ಮರುದಿನ ಮುಂಜಾನಿ ಬಿಡ್ತೇವಿ. ನಿಮ್ಮ ದೇವ್ರು ಭಾಳ ಗಟ್ಟಿ."

ಬಳಿಕ ನಗು ನಿಲ್ಲಿಸಿ ಗೋಡೆಯ ಬಳಿಗೆ ಬಂದು ದನಿ ತಗ್ಗಿಸಿದಳು. "ಖರೆ ಹೇಳು. ನಿಮ್ಮ ಕೂಸು ಮೊದಲ ಅಳೂವಾಗ ಓಣಿ ಎಲ್ಲಾ ಕೇಳತಿತ್ತ. ಈಗ ಬೆಕ್ಕಿನ ಮರಿಗತೆ ಕುಂಯ್ ಅಂತೈತಿ. ನಿಮ್ಮವ್ವಗ ಹಾಲ ಅದಾವೋ ಇಲ್ಲೋ?"

ಹಾಲು ಇರಲಿಲ್ಲ. ನನಗೆ ಗೊತ್ತಿತ್ತು, ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವ್ವ ಬಲಗೈಯಲ್ಲಿ ರಾಟೆ ತಿರುಗಿಸುತ್ತ, ಎಡಗೈಯಲ್ಲಿ ನೂಲು ಹಿಡಿಯುತ್ತ, ಮಡಿಲಲ್ಲಿ ಕೂಸನ್ನು ಎದೆಗೆ ಹಚ್ಚಿಕೊಂಡಿರುತ್ತಿದ್ದಳು. ಕೂಸು ಎರಡು ಸಲ ಚೀಪಿ ಬಾಯಿ ಬಿಟ್ಟು ಅಳುತ್ತಿತ್ತು. ಆಗ ಸಕ್ಕರೆ ನೀರಲ್ಲಿ ಅದ್ದಿದ ಬಟ್ಟೆಯ ತುದಿಯನ್ನು ಅದರ ಬಾಯಿಗೆ ಇಡುತ್ತಿದ್ದಳು. ಮೂರನೆಯ ವಾರದ ಒಂದು ಮಧ್ಯಾಹ್ನ ರಾಟೆಯ ಸದ್ದು ನಿಂತಿತು. ಹೋಗಿ ನೋಡಿದರೆ ಅವ್ವ ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಳು; ಕೆಂಪು ನೂಲು ಆಕೆಯ ಬೆರಳಿಗೂ ಕೂಸಿನ ಕಾಲಿಗೂ ಸುತ್ತಿಕೊಂಡಿತ್ತು. ಒಳಗಿನಿಂದ ಅಪ್ಪ ಕೇಳಿದ, "ಕಂಡಕಿ ಎಲ್ಲಿ? ಲಾಳಿ ಖಾಲಿ ಆತ." ಅಷ್ಟೇ ಕೇಳಿದ.

ಬಾಣಂತಿಯರಿಗೆ, ಹಾಲು ಕುಡಿಸುವವರಿಗೆ ಉಪವಾಸವಿಲ್ಲ ಎಂದು ಸಭೆಯ ಪಾಲಕರು, ನಾವು ಅಯ್ಯನವರು ಎನ್ನುತ್ತಿದ್ದವರು, ಬೂದಿ ಬುಧವಾರದಂದೇ ಒಂದು ವಾಕ್ಯದಲ್ಲಿ ಹೇಳಿದ್ದರು. ಆ ವಾಕ್ಯವನ್ನು ಹಿಡಿದುಕೊಂಡು ನಾನು ಅಪ್ಪನ ತಾಯಿಯ ಬಳಿಗೆ ಹೋದೆ. ಆಯಿ ಎಂದು ಕರೆಯುತ್ತಿದ್ದೆವು. ಆಕೆಯ ಕಣ್ಣು ಮಂಜಾಗಿತ್ತು. ಜೋಳದ ಚೀಲವಿದ್ದ ಕೋಣೆಯ ಬೀಗದ ಕೈ ಮಾತ್ರ ಆಕೆಯ ಸೊಂಟದಲ್ಲೇ ಇರುತ್ತಿತ್ತು.

"ಆಯಿ, ಅವ್ವಗ ಉಪಾಸ ಇಲ್ಲಂತ ಅಯ್ಯನವರ ಹೇಳ್ಯಾರಲ್ಲ."

"ಅಯ್ಯನವರ ಹೇಳ್ತಾರ ಯವ್ವಾ, ಮಾಸ್ತರ ಅಳೀತಾರ." ಆಯಿ ಗಡಿಗೆಯ ಬಾಯಿ ಬಿಚ್ಚಿ, ಜೋಳದ ಮೇಲೆ ಅಂಗೈ ಇಟ್ಟು ಮಟ್ಟ ನೋಡುತ್ತಿದ್ದಳು. ಕಾಣದ ಕಣ್ಣಿಗೆ ಅಂಗೈಯೇ ಕಣ್ಣಾಗಿತ್ತು. "ನಾ ಈ ಮನಿಗೆ ಸೊಸಿಯಾಗಿ ಬಂದಾಗಿಂದ ನಮ್ಮ ಗಡಿಗಿ ಐದು ಸೇರಿಗೆ ಇಳದಿಲ್ಲ. ನಿಮ್ಮಪ್ಪನ್ನ ಹಡದು ಎರಡ ತಿಂಗಳಾಗಿತ್ತ, ಆಗೂ ಹಿಡದಿದ್ದೆ. ನಾ ಸತ್ತೆನೇನ?"

ಆಯಿಯನ್ನು ಕಟುಕಳೆಂದು ಬರೆದರೆ ನನ್ನ ಕೆಲಸ ಸುಲಭವಾಗುತ್ತದೆ. ಆದರೆ ಅದು ಸುಳ್ಳಾಗುತ್ತದೆ. ಆಕೆ ತಾನೂ ತಿನ್ನುತ್ತಿರಲಿಲ್ಲ. ತನ್ನ ಹಸಿವಿಗೆ ಯಾರೂ ಕೊಡದ ಬೆಲೆಯನ್ನು ಆ ಐದು ಸೇರು ಕೊಟ್ಟಿತ್ತು. ಅದನ್ನು ಬಿಟ್ಟುಕೊಡಲು ಆಕೆಯಿಂದ ಆಗಲಿಲ್ಲ. ಹೀಗೆ ಹೆಂಗಸಿನ ಕಾವಲಿಗೆ ಹೆಂಗಸನ್ನೇ ಕೂರಿಸಿ, ಸೇರು ಹಿಡಿದವರು ಕೈ ತೊಳೆದುಕೊಂಡಿದ್ದರು. ರಿಯಾಯಿತಿ ಹೆಂಗಸಿಗಿತ್ತು, ಗಡಿಗೆಗೆ ಇರಲಿಲ್ಲ. ಈ ಕುತಂತ್ರವನ್ನು ಯಾರೂ ಕುಳಿತು ರೂಪಿಸಿರಲಿಲ್ಲ ಎಂಬುದು ನನಗೆ ಸಮಾಧಾನವಲ್ಲ, ಇನ್ನಷ್ಟು ಸಿಟ್ಟು.

ಹತ್ತು ವರ್ಷದ ಹುಡುಗಿಯ ಕೈಗೆ ಮನೆಯಲ್ಲಿ ಎಟಕುವ ಜೋಳವೆಂದರೆ ದೇವರ ಜೋಳವೊಂದೇ. ಬೀಗವಿಲ್ಲದ್ದು ಅದೊಂದೇ. ಮರುದಿನ ಆಯಿ ಬಿಸಿಲಿಗೆ ಕುಳಿತಾಗ ನಾನು ಗಡಿಗೆಯ ಬಾಯಿ ಬಿಚ್ಚಿ ಎರಡು ಹಿಡಿ ಜೋಳವನ್ನು ಲಂಗದ ಮಡಿಕೆಗೆ ಹಾಕಿಕೊಂಡು ನೀಲವ್ವನ ಮನೆಗೆ ಓಡಿದೆ.

"ಇದ್ರದು ನುಚ್ಚ ಮಾಡಿ ಅವ್ವಗ ಕೊಡ, ಕಾಕು. ನಾ ತಂದೇನಂತ ಹೇಳಬ್ಯಾಡ."

"ಯಾರ ಕೊಟ್ರ?"

"ಆಯಿ."

ನೀಲವ್ವ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. "ನಿಮ್ಮ ಆಯಿ," ಎಂದಳು. "ಆತ ಬಿಡು."

ಆಕೆ ಜೋಳವನ್ನು ಒರಳಿಗೆ ಹಾಕಿ ಒಡೆದು, ನುಚ್ಚು ಬೇಯಿಸಿ, ಮಜ್ಜಿಗೆ ಸುರಿದು, ಹಿತ್ತಲ ಬಾಗಿಲಿನಿಂದ ತಂದಳು. ಅವ್ವ ಬೇಡವೆಂದಳು. ಗಂಟೆ ಹೊಡೆದಿಲ್ಲ ಎಂದಳು. ನೀಲವ್ವ ತಾಟನ್ನು ರಾಟೆಯ ಪಕ್ಕದಲ್ಲಿಟ್ಟು ಹೇಳಿದ ಮಾತು ನನಗೆ ದೇವಾಲಯದಲ್ಲಿ ಕೇಳಿದ ಯಾವ ಬೋಧನೆಗಿಂತಲೂ ಚೆನ್ನಾಗಿ ನೆನಪಿದೆ.

"ಇದು ನಿನಗಲ್ಲ ಬೇ, ನಿನ್ನ ಮಗಗ. ಅಂವಗ ಇನ್ನೂ ಹಲ್ಲ ಬಂದಿಲ್ಲ, ನಿನ್ನ ಬಾಯಿಲೆ ತಿಂತಾನ."

ಅವ್ವ ನೂಲಿನ ರಾಶಿಯ ಮರೆಯಲ್ಲಿ ಕುಳಿತು ತಿಂದಳು. ಅದು ನೀಲವ್ವನ ಮನೆಯ ಜೋಳವೆಂದೇ ಆಕೆ ನಂಬಿದ್ದಳು. ತನ್ನ ಪಾಲಿನ ಹಿಡಿಯನ್ನು ಪ್ರತಿ ಬೆಳಗ್ಗೆ ಗಡಿಗೆಗೆ ಹಾಕುವುದನ್ನು ಒಂದು ದಿನವೂ ತಪ್ಪಿಸಲಿಲ್ಲ.

ಎರಡು ವಾರ ಹೀಗೆ ನಡೆಯಿತು. ಗಡಿಗೆಯ ಮಟ್ಟ ಇಳಿದರೆ ಆಯಿಯ ಅಂಗೈಗೆ ತಿಳಿಯುತ್ತದೆ. ತೆಗೆದ ಜಾಗವನ್ನು ತುಂಬಬೇಕು. ಕಲ್ಲು ಹಾಕುವ ಯೋಚನೆ ಬಂತು. ರೊಟ್ಟಿ ಕೇಳಿದವನಿಗೆ ಕಲ್ಲು ಕೊಡುವುದು ಮಹಾಪಾಪವೆಂದು ಭಾನುವಾರದ ಪಾಠದಲ್ಲಿ ಕೇಳಿದ್ದೆ, ಹೆದರಿ ಬಿಟ್ಟೆ. ರಾಟೆಯ ಮೂಲೆಯಲ್ಲಿ ಒಂದು ಬುಟ್ಟಿ ತುಂಬ ಸೀಳಿದ, ಒಡೆದ ಕಂಡಿಕೆಗಳಿದ್ದವು. ಹಗುರ, ಟೊಳ್ಳು, ಹೆಚ್ಚು ಜಾಗ ಹಿಡಿಯುವಂಥವು. ಅವುಗಳಿಗೆ ಪಾಪದ ಪಾಠದಲ್ಲಿ ಹೆಸರಿರಲಿಲ್ಲ. ದಿನಕ್ಕೆ ನಾಲ್ಕೈದು ಕಂಡಿಕೆಗಳನ್ನು ತೆಗೆದುಕೊಂಡು, ಜೋಳದೊಳಗೆ ಮೊಣಕೈಯವರೆಗೆ ಕೈ ಇಳಿಸಿ ತಳದಲ್ಲಿ ಹೂಳುತ್ತಿದ್ದೆ. ಆಯಿ ಸಂಜೆ ಅಂಗೈ ಇಟ್ಟು ನೋಡಿ, "ಈ ಸಲ ಐದು ದಾಟತೈತಿ" ಎಂದು ಹಿಗ್ಗುತ್ತಿದ್ದಳು. ಅತ್ತ ಕೂಸಿನ ಅಳು ದಪ್ಪವಾಯಿತು. ಒಂದು ಸಂಜೆ ಅದು ಹಾಲು ಕುಡಿದು ತೇಗಿ, ತುಟಿಯ ಅಂಚಿನಿಂದ ಬಿಳಿಯ ಗೆರೆಯೊಂದು ಇಳಿದದ್ದನ್ನು ಅವ್ವ ಸೆರಗಿನಿಂದ ಒರೆಸದೆ ಸುಮ್ಮನೆ ನೋಡುತ್ತ ಕುಳಿತಿದ್ದಳು.

ಗರಿಗಳ ಭಾನುವಾರದ ಹಿಂದಿನ ದಿನ ಕಂಡಿಕೆಗಳನ್ನು ಹೊರತೆಗೆದುಬಿಡುವುದೆಂದು ನಿಶ್ಚಯಿಸಿದ್ದೆ. ಜೋಳ ಕಡಿಮೆಯಾದರೆ ಆಯಿ ಬೈಯುತ್ತಾಳೆ, ಅಷ್ಟೇ ತಾನೆ ಎಂದುಕೊಂಡಿದ್ದೆ. ಶನಿವಾರ ಬೆಳಗ್ಗೆ ಗಣಿತದ ಪರೀಕ್ಷೆ ಇತ್ತು. ಮುಗಿಸಿ ಮನೆಗೆ ಓಡಿಬಂದರೆ ಗಡಿಗೆ ಇಡುತ್ತಿದ್ದ ಗೂಡು ಖಾಲಿ. ಆ ವರ್ಷ ಸಾಲಾಗಿ ಜೋಡಿಸುವ ಕೆಲಸ ಬೇಗ ಮುಗಿಯಲೆಂದು ಗಡಿಗೆಗಳನ್ನು ಒಂದು ದಿನ ಮೊದಲೇ ಒಯ್ದಿದ್ದರು. ದೇವಾಲಯದ ಬಾಗಿಲಿಗೆ ಬೀಗ ಬಿದ್ದಿತ್ತು.

ಭಾನುವಾರ ಮಾಸ್ತರರು, "ಯಾಕೋಬಪ್ಪನ ಮನಿ," ಎಂದು ಕೂಗಿ ನಮ್ಮ ಗಡಿಗೆಯನ್ನು ತಟ್ಟಿನ ಮೇಲೆ ಬೋರಲು ಹಾಕಿದರು. ಮೊದಲು ಜೋಳ ಸುರಿಯಿತು. ಆಮೇಲೆ ಕಟಕಟನೆ ಸದ್ದು. ಕಂಡಿಕೆಗಳು ತಟ್ಟು ದಾಟಿ ಜಮಖಾನೆಯ ಮೇಲೆ ಉರುಳಿದವು. ಕೆಲವಕ್ಕೆ ಕೆಂಪು ನೂಲಿನ ಎಳೆಗಳು ಇನ್ನೂ ಅಂಟಿಕೊಂಡಿದ್ದವು.

ಗಂಡಸರ ಕಡೆಯಿಂದ ಯಾರೋ ಒಬ್ಬರು, "ದೇವ್ರ ಮನ್ಯಾಗೂ ಮಗ್ಗ ಹೂಡ್ಯಾರೇನ್ರಿ ಮಾಸ್ತರ?" ಎಂದರು. ನಗು ಹರಡಿತು. ಹೆಂಗಸರ ಕಡೆಯಿಂದ ಇನ್ನೊಂದು ದನಿ ಬಂತು. ಅದು ನಗಲಿಲ್ಲ. "ಯಾಕೋಬಪ್ಪನ ಮನ್ಯಾಗ ಕಂಡಕಿ ಸುತ್ತಾವ್ರ ಯಾರಂತ ಎಲ್ಲಾರ್ಗೂ ಗೊತ್ತೈತಿ."

ನಾನು ಮಾಡಿದ ತಪ್ಪು ಎಂಥದೆಂದು ಆಗ ನನಗೆ ಹೊಳೆಯಿತು. ಕಲ್ಲು ಹಾಕಿದ್ದರೆ ಅದು ಯಾರ ಕಲ್ಲೋ ಆಗಿರುತ್ತಿತ್ತು. ಕಂಡಿಕೆ ಮಾತ್ರ ನಮ್ಮ ಮನೆಯಲ್ಲಿ ಒಬ್ಬಳದೇ.

ಅವ್ವ ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ಎದ್ದು ನಿಂತಳು. ಕಂಡಿಕೆಗಳನ್ನು ನೋಡಿದಳು. ಮುಂದೆ ಕುಳಿತ ಹುಡುಗಿಯರ ಸಾಲನ್ನು ನೋಡಿದಳು. ನನ್ನ ಮುಖದ ಮೇಲೆ ಆಕೆಯ ಕಣ್ಣು ಒಂದು ಕ್ಷಣ ನಿಂತು ಸರಿಯಿತು.

"ನಾನಾ ಹಾಕೇನ್ರಿ," ಎಂದಳು.

"ಯಾಕ?" ಎಂದರು ಮಾಸ್ತರರು.

"ಕೂಸಿಗೆ ಹಾಲ ಇರಲಿಲ್ರಿ."

"ಹಾಲಿಗೂ ಕಂಡಕಿಗೂ ಏನ ಸಂಬಂಧವಾ? ದೇವರ ಪಾಲು ಕದ್ದೇನಿ ಅಂತ ಒಂದ ಮಾತ ಹೇಳು. ಸಭಾ ಕ್ಷಮಾ ಮಾಡ್ತೈತಿ."

"ಹಾಕೇನಂತ ಹೇಳ್ತೇನ್ರಿ. ಕದ್ದೇನಂತ ಹೇಳಾಂಗಿಲ್ಲ. ನನ್ನ ತುತ್ತ ನಾ ಕದಿಯೂದು ಹೆಂಗ್ರಿ?"

ಅಯ್ಯನವರು ಪುಸ್ತಕದ ಹಾಳೆ ತಿರುವಿದರು. ಬೂದಿ ಬುಧವಾರ ತಾವೇ ಹೇಳಿದ ವಾಕ್ಯವನ್ನು ಮತ್ತೊಮ್ಮೆ ಹೇಳಲು ಅವರಿಗೆ ಅರ್ಧ ನಿಮಿಷ ಸಾಕಾಗುತ್ತಿತ್ತು. ಆಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅಪ್ಪ ಗಂಡಸರ ಸಾಲಿನಲ್ಲಿ ತಲೆತಗ್ಗಿಸಿ ಕುಳಿತಿದ್ದ. ಅಂದು ಬೆಳಗ್ಗೆ ಅವನು ಎರಡು ರೊಟ್ಟಿ ತಿಂದಿದ್ದ. ನನ್ನ ಬಾಯಲ್ಲಿ ಹುಣಸೆಬೀಜವೂ ಇರಲಿಲ್ಲ, ಮಾತೂ ಇರಲಿಲ್ಲ.

ಹಿರಿಯರು ಅಲ್ಲೇ ನಿರ್ಣಯ ಮಾಡಿದರು. ಕದ್ದೆನೆಂದು ಒಪ್ಪಿ ಸಭೆಯ ಮುಂದೆ ಕ್ಷಮೆ ಕೇಳುವವರೆಗೆ ಈಕೆಗೆ ಕರ್ತನ ಭೋಜನದಲ್ಲಿ ಪಾಲಿಲ್ಲ. ಯೇಸು ತನ್ನ ಶಿಷ್ಯರೊಡನೆ ಉಂಡ ಕೊನೆಯ ಊಟವನ್ನು ನೆನೆದು ರೊಟ್ಟಿಯನ್ನು ಹಂಚಿ ತಿನ್ನುವ ವಿಧಿ ಅದು. ಕ್ರೈಸ್ತರಿಗೆ ಅದಕ್ಕಿಂತ ದೊಡ್ಡ ಪಂಕ್ತಿ ಇಲ್ಲ. ನಿರ್ಣಯವನ್ನು ಸಭೆಯ ನಡಾವಳಿ ಪುಸ್ತಕದಲ್ಲಿ ಬರೆದರು.

ಮನೆಗೆ ಬಂದ ಮೇಲೆ ಅಪ್ಪ, "ಒಂದ ಮಾತ ಹೇಳಿಬಿಡು, ಮುಗೀತೈತಿ" ಎಂದ. ಅವ್ವ ಕೂಸನ್ನು ತೊಟ್ಟಿಲಿಗೆ ಹಾಕುತ್ತ, "ನೀವ ಹೇಳ್ರಿ. ಮುಂಜಾನಿ ತಿಂದವ್ರು ನೀವು" ಎಂದಳು. ನನ್ನನ್ನು ಹಿತ್ತಲಿಗೆ ಕರೆದು ಅವ್ವ ಎಲ್ಲವನ್ನೂ ಕೇಳಿ ತಿಳಿದುಕೊಂಡಳು. ಹೊಡೆಯಲಿಲ್ಲ. ನಾಳೆಯೇ ಹೋಗಿ ಹೇಳುತ್ತೇನೆಂದು ನಾನು ಅತ್ತೆ. "ಬಾಯಿ ಬಿಡಬ್ಯಾಡ," ಎಂದಳು. "ನನಗ ಒಂದ ಊಟ ತಪ್ಪತೈತಿ. ನಿನಗ ಕಳ್ಳಿ ಅನ್ನೂ ಹೆಸರ ಲಗ್ನದ ತನಕಾ ಬರತೈತಿ." ನಾನು ಬಾಯಿ ಬಿಡಲಿಲ್ಲ. ತಾಯಿಯ ಮಾತು ಕೇಳಿದೆನೆಂದು ಬಹಳ ವರ್ಷ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಅದು ವಿಧೇಯತೆಯಲ್ಲ, ಹೇಡಿತನ. ಈ ಪಟ್ಟಿಯಲ್ಲಿ ನನ್ನ ತಪ್ಪೂ ಇರಬೇಕು.

ಆ ವಾರ ಮಾಸ್ತರರ ಮನೆಗೆ ಹೋದವಳು ನೀಲವ್ವ ಒಬ್ಬಳೇ. ಜೋಳ ಬೆಂದದ್ದು ತನ್ನ ಒಲೆಯ ಮೇಲೆ, ತಂದದ್ದು ಹುಡುಗಿ, ಆ ತಾಯಿಗೆ ಏನೂ ತಿಳಿಯದು ಎಂದು ಕಟ್ಟೆಯ ಕೆಳಗೆ ನಿಂತು ಹೇಳಿದಳಂತೆ. ಮಾಸ್ತರರು, "ಇದು ನಮ್ಮ ಸಭಾದ ವಿಷಯ ಅದ. ನೀವು ಹೊರಗಿನವ್ರು" ಎಂದರಂತೆ. "ಹೌದ್ರಿ, ಹೊರಗಿನಾಕಿ," ಎಂದು ತಿರುಗಿ ಬಂದ ನೀಲವ್ವ ನಮ್ಮ ಗೋಡೆಯ ಬಳಿ ನಿಂತು ಅವ್ವನಿಗೆ ಹೇಳಿದಳು, "ಒಳಗಿನವ್ರು ಎಷ್ಟ ಮಂದಿ ಬಂದಿದ್ರ ಬೇ ನಿನ್ನ ಮನಿಗೆ?"

ಗುರುವಾರ ಸಂಜೆ ಕರ್ತನ ಭೋಜನ. ನಮ್ಮ ಸಭೆಯಲ್ಲಿ ರೊಟ್ಟಿಯ ತಟ್ಟೆ ಕೈಯಿಂದ ಕೈಗೆ ಸಾಗುತ್ತದೆ. ಅವ್ವ ಮನೆಯಲ್ಲಿ ಉಳಿಯಲಿಲ್ಲ. ಹೆಂಗಸರ ಕಡೆಯ ಕೊನೆಯ ಸಾಲಿನಲ್ಲಿ ಕುಳಿತಳು. ತಟ್ಟೆ ಆಕೆಯ ಕೈಗೆ ಬಂತು. ಅದನ್ನು ಎರಡೂ ಕೈಯಿಂದ ಹಿಡಿದು, ಏನನ್ನೂ ತೆಗೆದುಕೊಳ್ಳದೆ, ಪಕ್ಕದವಳಿಗೆ ದಾಟಿಸಿದಳು. ಭಾನುವಾರ, ಈಸ್ಟರಿನ ಬೆಳಗ್ಗೆ, ಜೋಳದ ಚೀಲಗಳೊಡನೆ ಹಿರಿಯರು ನಿಂತು ಫೋಟೋ ತೆಗೆಸಿಕೊಂಡರು. ಆ ಜೋಳ ಹಸಿದವರ ಪಟ್ಟಿಯಲ್ಲಿದ್ದವರಿಗೆ ಹೋಯಿತು. ನಮ್ಮ ಮನೆಯ ಹಸಿವಿಗೆ ಆ ಪಟ್ಟಿಯಲ್ಲಿ ಹೆಸರಿರಲಿಲ್ಲ.

ಹದಿನೇಳನೆಯ ವಯಸ್ಸಿನಲ್ಲಿ, ನನ್ನನ್ನು ಸಭೆಯ ಪೂರ್ಣ ಸದಸ್ಯೆಯಾಗಿ ಸ್ವೀಕರಿಸುವ ತರಗತಿಯಲ್ಲಿ, ಆಗ ಬಂದಿದ್ದ ಹೊಸ ಅಯ್ಯನವರಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಸಹನೆಯಿಂದ ಕೇಳಿದರು. ತಾಯಿಯನ್ನು ಉಳಿಸಲು ಮಗಳು ಹೇಳುವ ಮಾತು ಎಂದರು. ಹಿರಿಯರ ನಿರ್ಣಯ ಬದಲಾಗಬೇಕಾದರೆ ಆಕೆಯೇ ಪಶ್ಚಾತ್ತಾಪಪಡಬೇಕು ಎಂದರು. ಮಾಡದ ಕಳ್ಳತನಕ್ಕೆ ಪಶ್ಚಾತ್ತಾಪ ಎಲ್ಲಿಂದ ತರುವುದೆಂದು ಕೇಳಿದೆ. ಪ್ರಾರ್ಥಿಸೋಣ ಎಂದರು. ನನಗೆ ಮೊದಲ ಸಲ ಕರ್ತನ ಭೋಜನ ಸಿಗಬೇಕಿದ್ದ ದಿನ ತಟ್ಟೆಯನ್ನು ಮುಟ್ಟದೆ ಎದ್ದುಬಂದೆ, ಇಂದಿಗೂ ಮುಟ್ಟಿಲ್ಲ.

ಈಗ ಆ ಓಣಿಯಲ್ಲಿ ಕುಣಿಮಗ್ಗಗಳಿಲ್ಲ. ನಮ್ಮ ಮನೆಯ ಕುಣಿಯ ಮೇಲೆ ಕೆಂಪುಕಲ್ಲಿನ ಹಾಸು ಬಿದ್ದಿದೆ. ಅಪ್ಪ ಅದರ ಮೇಲೆ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ಆ ನುಚ್ಚಿನ ಹಾಲು ಕುಡಿದ ಕೂಸು ಬಾಗಲಕೋಟೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದಾನೆ. ಆಯಿ ಇಲ್ಲ, ನೀಲವ್ವ ಇಲ್ಲ, ಮಾಸ್ತರರೂ ಇಲ್ಲ. ಹಿಡಿಗಡಿಗೆಗಳು ಹೋಗಿ ಹಣ ಹಾಕಿ ಕೊಡುವ, ಅಚ್ಚು ಹಾಕಿಸಿದ ಲಕೋಟೆಗಳು ಬಂದಿವೆ. ಅವುಗಳ ಮೊತ್ತವನ್ನೂ ಎಲ್ಲರೆದುರು ಓದುತ್ತಾರೆ. ಇವೆಲ್ಲಕ್ಕಿಂತ ದೊಡ್ಡದೊಂದು ನನ್ನಿಂದ ಹೋಗಿದೆ. ಬೂದಿ ಬುಧವಾರದ ಬೆಳಗ್ಗೆ ನಾನು ಹಟಕ್ಕೆಂಬಂತೆ ಎದ್ದೊಡನೆ ಉಣ್ಣುತ್ತೇನೆ. ಬಾಯಿಗೆ ರುಚಿ ಹತ್ತುವುದಿಲ್ಲ. ಇನ್ನೊಬ್ಬರಿಗಾಗಿ ಹಸಿದಿರುವುದರಲ್ಲಿ ಒಂದು ಚೆಲುವಿತ್ತು. ಹುಣಸೆಬೀಜವನ್ನು ದವಡೆಗಿಟ್ಟುಕೊಂಡು ಗಂಟೆಗೆ ಕಿವಿಗೊಟ್ಟ ಹುಡುಗಿಗೆ ಅದು ಗೊತ್ತಿತ್ತು. ಅದನ್ನು ನನ್ನಿಂದ ಕಿತ್ತುಕೊಂಡವರು ನಾಸ್ತಿಕರಲ್ಲ.

ಅವ್ವ ಇದ್ದಾಳೆ. ಪ್ರತಿವರ್ಷ ನಲವತ್ತು ಹಿಡಿಯುತ್ತಾಳೆ. ಲಕೋಟೆಯನ್ನು ಖಾಲಿಯಾಗಿಯೇ ಮರಳಿಸುತ್ತಾಳೆ. ತನ್ನ ಪಾಲಿನ ಜೋಳವನ್ನು ಹಳೆಯ ಡಬ್ಬಿಯೊಂದಕ್ಕೆ ಹಾಕಿ, ಓಣಿಯಲ್ಲಿ ಯಾರ ಮನೆಯಲ್ಲಿ ಬಾಣಂತಿಯಿದ್ದಾಳೋ ಅಲ್ಲಿಗೆ ಕೊಟ್ಟು ಬರುತ್ತಾಳೆ. ಅಳೆಯುವುದಿಲ್ಲ. ಪವಿತ್ರ ವಾರದ ಗುರುವಾರ ಅದೇ ಕೊನೆಯ ಸಾಲಿನಲ್ಲಿ ಕುಳಿತು, ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ, ತಟ್ಟೆಯನ್ನು ಎರಡೂ ಕೈಯಿಂದ ಹಿಡಿದು ಪಕ್ಕಕ್ಕೆ ದಾಟಿಸುತ್ತಾಳೆ.

ಸಭೆಯ ಹೆಸರನ್ನು ನಾನು ಇಲ್ಲಿ ಬರೆದಿಲ್ಲ. ಓದಬೇಕಾದವರಿಗೆ ತಮ್ಮ ಹೆಸರು ಗೊತ್ತಿದೆ. ಆ ಸಭೆಯ ಇಂದಿನ ಹಿರಿಯರೇ, ಮಾಸ್ತರರು ತೀರಿಕೊಂಡರೆಂಬುದು ಉತ್ತರವಲ್ಲ. ಅವರು ಬರೆಸಿದ ನಿರ್ಣಯ ತೀರಿಕೊಂಡಿಲ್ಲ, ಅದನ್ನು ಈಗ ಬದುಕಿಸಿ ಇಟ್ಟವರು ನೀವು. ಬರುವ ಗರಿಗಳ ಭಾನುವಾರ, ಗಡಿಗೆ ಸುರಿದ ಅದೇ ಸ್ಥಳದಲ್ಲಿ ನಿಂತು, ನಡಾವಳಿ ಪುಸ್ತಕದ ಆ ಪುಟವನ್ನು ಗಟ್ಟಿಯಾಗಿ ಓದಿ. ಅದು ಸುಳ್ಳೆಂದು ಹೇಳಿ. ಜೋಳ ತೆಗೆದವಳು ಮಗಳೆಂದು ನನ್ನ ಹೆಸರನ್ನು ಕೂಗಿ. ಅಂದು ಅವ್ವ ತಪ್ಪಿಸಿದ 'ಕಳ್ಳಿ' ಎಂಬ ಹೆಸರನ್ನು ಹೊರಲು ನಾನು ಮುಂದಿನ ಸಾಲಿನಲ್ಲಿ ಬಂದು ಕುಳಿತಿರುತ್ತೇನೆ. ಆ ಪುಟವನ್ನು ಎಲ್ಲರೆದುರು ಹೊಡೆದುಹಾಕಿ. ಆಮೇಲೆ ಗುರುವಾರ ಸಂಜೆ ತಟ್ಟೆಯನ್ನು ಕೈಯಿಂದ ಕೈಗೆ ಕಳಿಸಬೇಡಿ. ನೀವೇ ಎತ್ತಿಕೊಂಡು, ಗಂಡಸರ ಸಾಲುಗಳನ್ನು ದಾಟಿ, ಹೆಂಗಸರ ಕೊನೆಯ ಸಾಲಿಗೆ ನಡೆದುಕೊಂಡು ಹೋಗಿ ಮೊದಲು ಆಕೆಯ ಮುಂದೆ ಹಿಡಿಯಿರಿ. ಆಕೆ ತೆಗೆದುಕೊಳ್ಳುವಳೋ ಇಲ್ಲವೋ ಅದು ಆಕೆಗೆ ಬಿಟ್ಟದ್ದು. ಆಕೆ ನಿರ್ಧರಿಸುವವರೆಗೆ ನೀವು ನಿಂತಿರಬೇಕು.